ಬಾಲಗೃಹದಿಂದ ಹೊರಬಂದವರೇ ಕಿರಿಯರಿಗೆ ಆಸರೆ

ಅನಾಥರಿಗೆ ಶಿಕ್ಷಣ ಹಾಗೂ ಸರ್ಕಾರಿ ನೌಕರಿಗಳಲ್ಲಿ ಶೇ. 1ರಷ್ಟು ಮೀಸಲಾತಿ ನೀಡುವ ನಿರ್ಧಾರವನ್ನು ಮಹಾರಾಷ್ಟ್ರ ಸಚಿವ ಸಂಪುಟವು 2018ರ ಜನವರಿಯಲ್ಲಿ ಕೈಗೊಂಡಿತು. ಇದಕ್ಕೆ ಕಾರಣರಾದವರು ಗೋವಾದ ಅನಾಥಾಲಯದಲ್ಲಿ ಬೆಳೆದು, ಹದಿನೆಂಟು ತುಂಬಿದ ಬಳಿಕ ಪುಣೆಗೆ ಬಂದು, ದುಡಿಯುತ್ತಲೇ ಓದಿದ ಅಮೃತಾ ಕರವಂದೆ. ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆ ಬರೆದ ಅವರಿಗೆ ಅಡ್ಡ ಬಂದದ್ದು ಕುಟುಂಬದ ಆದಾಯಕ್ಕೆ ಸಂಬಂಧಿಸಿದ ಪ್ರಮಾಣಪತ್ರ. ಕುಟುಂಬವೇ ಇಲ್ಲದವರು ಅದರ ಆದಾಯವನ್ನು ಹೇಗೆ ತೋರಿಸಬೇಕು? ಈ ಸಂಕಟವನ್ನು ಅವರು ಅಂದಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅವರಲ್ಲಿ ನೇರವಾಗಿ ನಿವೇದಿಸಿದರು. ಕಾನೂನು ಬಲ್ಲವರ ಕಣ್ಣಿಗೆ ಬೀಳದ ಬಿರುಕು, ಅದರಲ್ಲಿ ಸಿಲುಕಿದವರಿಗೆ ಕಂಡಿತು.

2015ರ ಬಾಲನ್ಯಾಯ ಕಾಯ್ದೆಯು ಸಂಸ್ಥೆಯಿಂದ ಹೊರಬಂದ ಯುವಕ-ಯುವತಿಯರಿಗೆ 21ರ ವಯಸ್ಸಿನವರೆಗೆ ಅನುಪಾಲನೆಯ ನೆರವನ್ನು ಹೇಳುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿಯ ಅವಕಾಶವಿದೆ. ಮುಂಬಯಿಯಲ್ಲಿ ಆ ಹಣಕ್ಕೆ ಎಂಥ ಕೋಣೆ ದೊರೆತೀತೆಂಬುದನ್ನು ಇಲ್ಲಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಆದರೆ ಕೊರತೆ ಹಣದ್ದಷ್ಟೇ ಅಲ್ಲ. ಹಿಂದೆ ಉಡುಪಿ, ಕುಂದಾಪುರಗಳಿಂದ ಬರಿಗೈಯಲ್ಲಿ ಮುಂಬಯಿಗೆ ಬಂದ ಹುಡುಗನ ಜೇಬಿನಲ್ಲಿ ಊರಿನವರೊಬ್ಬರ ವಿಳಾಸವಾದರೂ ಇರುತ್ತಿತ್ತು. ಹೋಟೆಲಿನಲ್ಲಿ ಕೆಲಸ, ಮಲಗಲು ಜಾಗ, ರಾತ್ರಿಶಾಲೆಗೆ ದಾರಿ, ಎಲ್ಲವೂ ಆ ವಿಳಾಸದಿಂದಲೇ ದೊರೆಯುತ್ತಿದ್ದವು. ಬಾಲಗೃಹದಿಂದ ಹೊರಬೀಳುವವರಿಗೆ ಅಂಥ ವಿಳಾಸವಿಲ್ಲ. ಬಾಡಿಗೆ ಕರಾರಿಗೆ ಜಾಮೀನು ನಿಲ್ಲುವವರು, ಬ್ಯಾಂಕಿಗೆ ಜೊತೆಗೆ ಬರುವವರು, ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯುವವರು ಬೇಕು. ಮೊದಲೇ ಹೊರಬಂದ ಅಕ್ಕ-ಅಣ್ಣಂದಿರು ಕಿರಿಯರಿಗೆ ಆ ವಿಳಾಸವಾಗಬಲ್ಲರು. ಅವರ ಮುಂದೆ ಕಿರಿಯರು ತಮ್ಮ ಪೂರ್ವಕಥೆಯನ್ನು ವಿವರಿಸಿ ಕನಿಕರ ಗಳಿಸಬೇಕಾಗಿಲ್ಲ ಎಂಬುದು ಸಣ್ಣ ಮಾತಲ್ಲ.

ಹಾಗೆಂದು ಸರ್ಕಾರದ ಹೊಣೆಯನ್ನು ಇವರ ಹೆಗಲಿಗೆ ವರ್ಗಾಯಿಸುವುದು ಅನ್ಯಾಯ. ಇವರಲ್ಲಿ ಅನೇಕರ ಬದುಕು ಇನ್ನೂ ನೆಲೆ ನಿಂತಿರುವುದಿಲ್ಲ. ಬೇಕಾಗಿರುವುದು ಇವರ ಉಚಿತ ಸೇವೆಯಲ್ಲ. ನಿರ್ಧಾರ ಕೈಗೊಳ್ಳುವ ಸಮಿತಿಗಳಲ್ಲಿ ಸ್ಥಾನ, ಮಾರ್ಗದರ್ಶನದ ಕೆಲಸಕ್ಕೆ ಸಂಬಳ. ಸ್ಕಾಟ್ಲೆಂಡಿನಲ್ಲಿ 2017ರಿಂದ 2020ರವರೆಗೆ ನಡೆದ ಸ್ವತಂತ್ರ ಪರಾಮರ್ಶೆಯು 5,500ಕ್ಕೂ ಹೆಚ್ಚು ಜನರ ಮಾತು ಆಲಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪಾಲನಾ ವ್ಯವಸ್ಥೆಯನ್ನು ಸ್ವತಃ ಉಂಡವರು.

ನಮ್ಮ ಸಂಘ-ಸಂಸ್ಥೆಗಳೂ ವಾರ್ಷಿಕೋತ್ಸವದ ನೆಪದಲ್ಲಿ ಬಾಲಗೃಹಗಳಿಗೆ ತೆರಳಿ ಪುಸ್ತಕ, ಸಿಹಿತಿಂಡಿ ಹಂಚುತ್ತವೆ. ಮುಂದಿನ ಸಲ ಹೋದಾಗ, ಈ ವರ್ಷ ಹದಿನೆಂಟು ತುಂಬುವವರು ಎಷ್ಟು ಮಂದಿ, ಅವರು ಹೋಗುವುದು ಎಲ್ಲಿಗೆ ಎಂದು ವಿಚಾರಿಸಬಹುದು.