ಏರಿಯ ಮೇಲೆ ಕೂತು ನೋಡುವ ಹೆಣ್ಣು

ಕರ್ನಾಟಕದಲ್ಲಿ ನಿಸರ್ಗಚಿತ್ರ ಬರೆದ ಹಿರಿಯರು ಯಾರು ಎಂದು ಕೇಳಿದರೆ ಚಿತ್ರಕಲೆಯ ಪರಿಚಯ ಇರುವವರು ಎರಡು ಹೆಸರನ್ನು ಕೂಡಲೇ ಹೇಳುತ್ತಾರೆ. ಊಟಿಯ ಬೆಟ್ಟವನ್ನೂ ಮಂಜನ್ನೂ ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪ ಒಬ್ಬರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಿಡದೆ ಬರೆದ ರುಮಾಲೆ ಚನ್ನಬಸವಯ್ಯ ಇನ್ನೊಬ್ಬರು. ಅವರ ಸಾಲಿಗೆ ಒಬ್ಬ ಹೆಂಗಸಿನ ಹೆಸರು ಸೇರಿಸಿ ಎಂದು ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಸಮಾಧಾನದ ಉತ್ತರ ಬರುತ್ತದೆ: "ಹೆಂಗಸರಿಗೆ ರಂಗೋಲಿ ಇದೆಯಲ್ಲ ಮೇಡಂ, ಕಸೂತಿ ಇದೆಯಲ್ಲ."

ಈ ಉತ್ತರದ ಮೇಲೆ ನನಗೆ ಸಿಟ್ಟಿದೆ. ರಂಗೋಲಿಯ ಮೇಲಲ್ಲ, ಉತ್ತರದ ಮೇಲೆ. ರಂಗೋಲಿ ಎಲ್ಲಿ ಹಾಕುತ್ತೇವೆ? ಹೊಸ್ತಿಲ ಮುಂದೆ. ಕಸೂತಿ ಎಲ್ಲಿ ಹಾಕುತ್ತೇವೆ? ನಡುಮನೆಯಲ್ಲಿ ಕೂತು. ನಿಸರ್ಗಚಿತ್ರಕ್ಕೆ ಮಾತ್ರ ಹೊಸ್ತಿಲು ದಾಟಬೇಕು. ಬಯಲಿಗೆ ಹೋಗಿ, ಒಂದು ಕಡೆ ಕೂತು, ಎರಡು ಮೂರು ಗಂಟೆ ಸುಮ್ಮನೆ ನೋಡಬೇಕು. ಬಣ್ಣ, ಕುಂಚ, ಪ್ರತಿಭೆ ಎಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ಬಯಲಲ್ಲಿ ಒಬ್ಬಳೇ ಕೂತಿರುವ ಸ್ವಾತಂತ್ರ್ಯ. ಅದನ್ನು ಕೊಡದೆ ಹೆಣ್ಣಿಗೆ ನಿಸರ್ಗಚಿತ್ರದ ಒಲವೇ ಇಲ್ಲ ಎನ್ನುವುದು, ಈಜಲು ಬಿಡದೆ ನೀರಿಗೆ ಹೆದರುತ್ತಾಳೆ ಎಂದ ಹಾಗೆ.

ಅಮೃತಾ ಶೇರ್‌ಗಿಲ್ ಹುಟ್ಟಿ ನೂರು ವರ್ಷವಾದ ನೆನಪಿಗೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯವರು ೨೦೧೪ರಲ್ಲಿ ದೊಡ್ಡ ಪ್ರದರ್ಶನ ಏರ್ಪಡಿಸಿದರು. ದೆಹಲಿ, ಮುಂಬೈಗಳಲ್ಲದೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೂ ಅದು ಬಂದಿತ್ತು. ಅಮೃತಾ ೧೯೧೩ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವಳು. ತಂದೆ ಪಂಜಾಬಿನ ಸಿಖ್ಖರು, ತಾಯಿ ಹಂಗೆರಿಯವರು. ಪ್ಯಾರಿಸಿನಲ್ಲಿ ಕಲಿತು ೧೯೩೪ರಲ್ಲಿ ಭಾರತಕ್ಕೆ ಮರಳಿದಳು. ೧೯೪೧ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಅವಳಿಗೆ ೨೮ ವರ್ಷ. ನಮ್ಮ ದೇಶದ ಆಧುನಿಕ ಚಿತ್ರಕಲೆಯ ಮೊದಲ ಸಾಲಿನಲ್ಲಿ ಅವಳ ಹೆಸರಿದೆ. ೨೦೨೩ರಲ್ಲಿ ಅವಳ ಒಂದು ಚಿತ್ರ ೬೧.೮ ಕೋಟಿ ರೂಪಾಯಿಗೆ ಹರಾಜಾಯಿತು ಎಂದು ಪತ್ರಿಕೆಗಳು ಬರೆದವು. ಬೆಲೆ ಹೇಳಿದ ಮೇಲೆ ನಮ್ಮ ಜನ ಕಿವಿ ಕೊಡುತ್ತಾರೆ, ಅದಕ್ಕಾಗಿ ಹೇಳಿದೆ.

ಅವಳ ಬಗ್ಗೆ ಬರೆದವರೆಲ್ಲ ಅವಳು ಬರೆದ ಹೆಂಗಸರ ಬಗ್ಗೆಯೇ ಬರೆಯುತ್ತಾರೆ. ಮದುವಣಗಿತ್ತಿ, ಗುಡ್ಡಗಾಡಿನ ಹೆಣ್ಣುಗಳು, ಆ ದುಃಖದ ಕಣ್ಣುಗಳು. ನಾನು ಹೇಳಹೊರಟಿರುವುದು ಅವಳ ಬಯಲಿನ ವಿಷಯ. ೧೯೩೮ರ ಸುಮಾರಿನಿಂದ ಅವಳ ಚಿತ್ರಗಳಲ್ಲಿ ಮನುಷ್ಯರು ಚಿಕ್ಕವರಾಗುತ್ತಾರೆ, ನೆಲ ದೊಡ್ಡದಾಗುತ್ತದೆ. ಹಸಿರು ಕೊಳದಲ್ಲಿ ಮೀಯುವ ಆನೆಗಳು ಬರುತ್ತವೆ, ಹಂಗೆರಿಯ ಸಂತೆ ಬರುತ್ತದೆ, ಮರಗಳ ನಡುವೆ ಅರಿಶಿನ ಕುಟ್ಟುವವರು ಬರುತ್ತಾರೆ. ಗೋರಖಪುರದ ಬಳಿ ಸರಾಯಾ ಎಂಬ ಹಳ್ಳಿಯಲ್ಲಿ ಅವಳ ತಂದೆಯ ಮನೆತನದ ಜಮೀನಿತ್ತು, ಸಕ್ಕರೆ ಕಾರ್ಖಾನೆಯಿತ್ತು. ಅಲ್ಲಿದ್ದುಕೊಂಡು ಹಳ್ಳಿಯನ್ನು ಬರೆದಳು. ಅಂದರೆ ಕಬ್ಬಿನ ಗಾಡಿ ಹೋಗುವ ದಾರಿ ಅವಳಿಗೆ ಗೊತ್ತಿತ್ತು. ಪಾಂಡವಪುರದ ಕಾರ್ಖಾನೆಯ ದಾರಿಯಲ್ಲಿ ಓಡಾಡಿದ ನನಗೆ ಅವಳು ದೂರದವಳು ಅನ್ನಿಸಲೇ ಇಲ್ಲ.

ಆದರೆ ಒಂದು ವಿಷಯ ಗಮನಿಸಬೇಕು. ಅವಳು ನೆಲೆನಿಂತು ಚಿತ್ರ ಬರೆದ ಶಿಮ್ಲಾ ಆಗಲಿ ಸರಾಯಾ ಆಗಲಿ ಮನೆತನದ ಆಸರೆ ಇದ್ದ ಜಾಗ. ಕೊನೆಗೆ ಅಪೂರ್ಣವಾಗಿ ಉಳಿದ ಚಿತ್ರದಲ್ಲಿ ಲಾಹೋರಿನ ಅಕ್ಕಪಕ್ಕದ ಮನೆಗಳೂ ಕೆಳಗೆ ಎಮ್ಮೆಗಳೂ ಮಹಡಿಯ ಮೇಲಿಂದ ಕಂಡಂತೆ ಇವೆ. ಅಷ್ಟು ಧೈರ್ಯದ, ಅಷ್ಟು ಅನುಕೂಲವಿದ್ದ ಹೆಣ್ಣಿಗೇ ಬಯಲು ಬಹುಮಟ್ಟಿಗೆ ಮನೆತನದ ಕಾಂಪೌಂಡಿನ ಜೊತೆಗೆ ಸಿಕ್ಕಿತು. ಹಾಗಾದರೆ ಕಾಂಪೌಂಡೇ ಇಲ್ಲದವರ ಪಾಡೇನು?

ಅವಳಿಗೂ ನಮ್ಮ ಮೈಸೂರಿಗೂ ಒಂದು ಸಂಬಂಧವಿದೆ. ಅದು ನಾವು ಹೆಮ್ಮೆಪಡುವಂಥದ್ದಲ್ಲ. ೧೯೩೦ರ ದಶಕದಲ್ಲಿ ಅವಳು ತನ್ನ ಚಿತ್ರಗಳನ್ನು ಹೊತ್ತು ದೇಶ ತಿರುಗಿದಾಗ ಹೈದರಾಬಾದಿನ ನವಾಬ ಸಾಲಾರ್ ಜಂಗ್ ಅವನ್ನು ಹಿಂದಕ್ಕೆ ಕಳಿಸಿದರು. ಮೈಸೂರು ಮಹಾರಾಜರು ಅವಳ ಚಿತ್ರ ಬಿಟ್ಟು ರವಿವರ್ಮನ ಚಿತ್ರಗಳನ್ನೇ ಆರಿಸಿಕೊಂಡರು ಎಂದು ಅವಳ ಬದುಕನ್ನು ಬರೆದವರು ದಾಖಲಿಸಿದ್ದಾರೆ. ಕನ್ನಂಬಾಡಿ ಕಟ್ಟಿಸಿದ ಅರಸರನ್ನು ಮಂಡ್ಯ ಸೀಮೆಯವಳಾದ ನಾನು ಹಳಿಯುವವಳಲ್ಲ. ನಮ್ಮ ಗದ್ದೆಯಲ್ಲಿ ನೀರಿದೆ ಎಂದರೆ ಅದು ಅವರ ಪುಣ್ಯ. ಆದರೆ ಅಂದಿನ ಆಯ್ಕೆ ಇಂದಿಗೂ ನಮ್ಮ ಗೋಡೆಯ ಮೇಲಿದೆ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡಿ ಬನ್ನಿ. ಹೆಣ್ಣು ಮುಂದೆ ನಿಂತಿದ್ದಾಳೆ, ಮರ, ಕೊಳ, ಬೆಟ್ಟ ಹಿಂದೆ ನಾಟಕದ ಪರದೆಯ ಹಾಗೆ ಇಳಿದಿವೆ. ನೋಡುವವನಿಗೆ ಅವಳೂ ಒಂದು ದೃಶ್ಯ. ಅವಳು ಹಿಂತಿರುಗಿ ಆ ಬೆಟ್ಟವನ್ನು ನೋಡುವ ಹಾಗಿಲ್ಲ.

ಶ್ರೀರಂಗಪಟ್ಟಣದ ದೃಶ್ಯಗಳನ್ನು ಬರೆದವರಿಗೂ ಬರವಿರಲಿಲ್ಲ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆಯ ಜೊತೆಗೇ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದ. ಅವನ ಮೈಸೂರು ನೋಟಗಳ ಪುಸ್ತಕ ೧೭೯೪ರಲ್ಲಿ ಅಚ್ಚಾಯಿತು. ಕೋಲ್‌ಬ್ರೂಕ್, ಅಲೆಗ್ಸಾಂಡರ್ ಅಲನ್ ಎಂಬ ಸೇನಾಧಿಕಾರಿಗಳೂ ನಮ್ಮ ಬೆಟ್ಟ, ಕೋಟೆಗಳನ್ನು ಬರೆದರು. ಕೋಟೆ ಹಿಡಿಯಲು ಬಂದವರ ಕಣ್ಣು ಅದು. ಟಿಪ್ಪು ಸತ್ತ ಮರುವರ್ಷ, ೧೮೦೦ರಲ್ಲಿ, ಒಬ್ಬ ಹೆಂಗಸೂ ಬಂದಳು. ಇಟಲಿಯ ಅನ್ನಾ ತೊನೆಲ್ಲಿ. ಮದ್ರಾಸಿನ ಗವರ್ನರನ ಹೆಂಡತಿ ಹೆನ್ರಿಯೆಟ್ಟಾ ಕ್ಲೈವ್‌ಳ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ನನ್ನ ಹಾಗೆ ಟೀಚರು. ತಾನು ಕಣ್ಣಾರೆ ಕಾಣದ ಟಿಪ್ಪುವನ್ನು ಸಿಂಹಾಸನದ ಮೇಲೆ ಕೂರಿಸಿ ಚಿತ್ರ ಬರೆದಳು. ಹೆಂಗಸೊಬ್ಬಳು ಕುಂಚ ಹಿಡಿದು ನಮ್ಮ ಪಟ್ಟಣಕ್ಕೆ ಬರಲು ಗವರ್ನರನ ಮನೆಯ ಪರಿವಾರ, ಪಹರೆ ಜೊತೆಗಿರಬೇಕಾಯಿತು. ಇಷ್ಟು ವರ್ಷವಾದರೂ ನಮ್ಮ ಹುಡುಗಿಯರಿಗೆ ಬಯಲಿಗೆ ಹೋಗಲು ಅಣ್ಣನೋ ತಮ್ಮನೋ ಪಹರೆ ಇರಲೇಬೇಕು.

ಕೆಲಸದ ವರ್ಗಾವಣೆಗಳಲ್ಲಿ ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕುಗಳಲ್ಲಿ ಪಾಠ ಹೇಳಿದ್ದೇನೆ. ಚಿತ್ರ ಬರೆಯುವವರಿಗೆ ಇಂಥ ಸೀಮೆ ಎಲ್ಲಿ ಸಿಗುತ್ತದೆ? ಪಟ್ಟಣದ ಸುತ್ತ ಕಾವೇರಿ ಎರಡಾಗಿ ಒಡೆದು ಮತ್ತೆ ಸೇರುತ್ತಾಳೆ. ಪಾಂಡವಪುರದಲ್ಲಿ ಕುಂತಿಬೆಟ್ಟದ ಬೋಳು ಬಂಡೆ, ಕೆಳಗೆ ಕಣ್ಣು ಕುಕ್ಕುವ ಗದ್ದೆಯ ಹಸಿರು, ಅತ್ತ ತೊಣ್ಣೂರು ಕೆರೆಯ ತಿಳಿನೀರು. ಕೆ.ಆರ್. ಪೇಟೆಗೆ ಹೇಮಾವತಿಯಿದೆ. ನಾಗಮಂಗಲಕ್ಕೆ ಹೋದರೆ ಬಣ್ಣವೇ ಬೇರೆ: ಕೆಮ್ಮಣ್ಣು, ರಾಗಿ ಹೊಲ, ಹುರುಳಿ, ತೆಂಗು, ಬಿಸಿಲು. ನಾಲ್ಕು ತಾಲ್ಲೂಕಿನ ಈ ಬಣ್ಣವನ್ನೆಲ್ಲ ನಮ್ಮ ಹೆಂಗಸರು ಮೈಮೇಲೆ ಹೊತ್ತಿದ್ದಾರೆ. ನಾಟಿ ಹಾಕುವವರು ಅವರು, ಕಳೆ ಕೀಳುವವರು ಅವರು, ಕಬ್ಬಿನ ಸೋಗೆ ಹೊರುವವರು ಅವರು.

ಮೊಳಕಾಲ ಮಟ್ಟ ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸನ್ನು ಊರಲ್ಲಿ ಯಾರೂ ಏನೂ ಕೇಳುವುದಿಲ್ಲ. ಅದೇ ಹೆಂಗಸು ಏರಿಯ ಮೇಲೆ ಕೂತು ಗದ್ದೆಯನ್ನು ನೋಡುತ್ತಿದ್ದರೆ ಹೋಗುವವರು ಬರುವವರೆಲ್ಲ ನಿಂತು ಕೇಳುತ್ತಾರೆ: "ಯಾಕವ್ವಾ, ಯಾರಿಗೆ ಕಾಯ್ತಿದ್ದೀ?" ಒಂದು ಊರಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಸಂಜೆ ನಾಲೆಯ ಏರಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ನೀರು ಬಿಡುವ ತೂಬನ್ನು ಬರೆಯುತ್ತಿದ್ದಳು. ಮೂರನೆಯ ದಿನ ಅವಳ ತಂದೆ ಶಾಲೆಗೆ ಬಂದರು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ಮನೇಲೇ ಕೂತು ಬರೀಲಿ ಅನ್ನಿ ಮಿಸ್, ಜನ ಮಾತಾಡ್ತಾರೆ" ಎಂದರು. ತೂಬು ಮನೆಯಲ್ಲಿಲ್ಲವಲ್ಲ ಎಂದೆ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಹುಡುಗಿ ಮಾರನೆಯ ದಿನದಿಂದ ಏರಿಗೆ ಹೋಗಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಗುಲಾಬಿ ಹೂವುಗಳು ಶುರುವಾದವು.

ಶಾಲೆಯವರಾದ ನಾವು ಮಾಡುತ್ತಿರುವುದೇನು? ಹತ್ತನೇ ತರಗತಿಯ ಫಲಿತಾಂಶ ಇಳಿದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಚಿತ್ರಕಲೆಯ ಪೀರಿಯಡ್ಡಿಗೆ. ಚಿತ್ರಕಲಾ ಶಿಕ್ಷಕರು ಇದ್ದ ಕಡೆ ಅವರಿಗೆ ಬೋರ್ಡು ಬರೆಯುವ, ವೇದಿಕೆ ಸಿಂಗರಿಸುವ ಕೆಲಸ. ಇಲ್ಲದ ಕಡೆ ಮಕ್ಕಳು ತಮಗೆ ತಾವೇ ಕಲಿಯುತ್ತಾರೆ. ಯಾವ ಊರಿಗೆ ಹೋದರೂ ಅದೇ ಚಿತ್ರ: ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಒಂದು ತೆಂಗಿನ ಮರ. ಕಿಟಕಿಯಾಚೆ ಕುಂತಿಬೆಟ್ಟ ಎದ್ದು ನಿಂತಿದ್ದರೂ ಮಗು ತ್ರಿಕೋನವನ್ನೇ ಬರೆಯುತ್ತದೆ. ಕಂಡದ್ದನ್ನು ಬರೆ ಎಂದು ಹೇಳಿಕೊಡದ ಮಕ್ಕಳು ಕಂಡದ್ದನ್ನು ಹೇಳುವುದನ್ನೂ ಕಲಿಯುವುದಿಲ್ಲ. ಇದು ಬರಿಯ ಚಿತ್ರದ ಪ್ರಶ್ನೆಯಲ್ಲ. ತನ್ನ ಕಣ್ಣನ್ನು ನಂಬದ ಹುಡುಗಿ ನಾಳೆ ಯಾರು ಏನು ತೋರಿಸಿದರೂ ಹೌದು ಎನ್ನುತ್ತಾಳೆ.

ಶೌಚಾಲಯಕ್ಕೆ ನೀರಿಲ್ಲದ ಶಾಲೆಗಳಿರುವಾಗ ಚಿತ್ರಪ್ರದರ್ಶನದ ಮಾತೇಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಬೆಲೆಯಿದೆ. ಆದರೆ ಕ್ರಿಕೆಟ್ ಟೂರ್ನಮೆಂಟಿಗೆ, ಆರ್ಕೆಸ್ಟ್ರಾಕ್ಕೆ ಪೆಂಡಾಲು ಹಾಕುವಾಗ ಇದೇ ಜನ ಶೌಚಾಲಯವನ್ನು ನೆನೆಯುವುದಿಲ್ಲ. ಹೆಣ್ಣುಮಕ್ಕಳ ಕುಂಚದ ವಿಷಯ ಬಂದಾಗ ಮಾತ್ರ ಬಡತನದ ನೆನಪಾಗುತ್ತದೆ. ಆಧುನಿಕ ಚಿತ್ರ ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂಬುದು ಇನ್ನೊಂದು ಮಾತು. ಕೊಳದಲ್ಲಿ ಮೀಯುವ ಆನೆ, ಅರಿಶಿನ ಕುಟ್ಟುವ ಹೆಂಗಸರು, ಹಟ್ಟಿಯ ಎಮ್ಮೆ, ಇವು ನಾಗಮಂಗಲದ ಹೆಂಗಸಿಗೆ ಅರ್ಥವಾಗದೆ ಬೇರೆ ಯಾರಿಗೆ ಅರ್ಥವಾಗಬೇಕು? ಪ್ಯಾರಿಸಿನಲ್ಲಿ ಕಲಿತ ಹುಡುಗಿ ಬಣ್ಣವನ್ನು ಯಾಕೆ ಹೀಗೆ ದಪ್ಪ ದಪ್ಪವಾಗಿ ಇಟ್ಟಳು ಎಂಬುದನ್ನು ಆಮೇಲೆ ಕಲಿಸಬಹುದು. ಅದಕ್ಕೇ ನಾವಿರುವುದು.

ಮಾರ್ಚ್ ಎಂಟು ಬಂತೆಂದರೆ ಮಹಿಳಾ ದಿನಾಚರಣೆಗೆ ರಂಗೋಲಿ ಸ್ಪರ್ಧೆ, ಹೂವು ಜೋಡಿಸುವ ಸ್ಪರ್ಧೆ, ಅಡುಗೆ ಸ್ಪರ್ಧೆ. ಬಹುಮಾನಕ್ಕೆ ಸ್ಟೀಲಿನ ಡಬ್ಬಿ. ಹೆಂಗಸನ್ನು ಮತ್ತೆ ಹೊಸ್ತಿಲೊಳಕ್ಕೆ ಕಳಿಸಲು ಒಂದು ದಿನದ ಸಮಾರಂಭ ಬೇಕೆ? ಬದಲಾಗಿ ಅವತ್ತು ಒಂದು ಕೆಲಸ ಮಾಡಿ. ಹೈಸ್ಕೂಲಿನ ಹುಡುಗಿಯರ ಕೈಗೆ ಒಂದೊಂದು ಹಾಳೆ, ಒಂದೊಂದು ಪೆನ್ಸಿಲ್ ಕೊಟ್ಟು ಅವರ ಊರಿನ ಏರಿಯ ಮೇಲೆ ಕೂರಿಸಿ. ಟೀಚರೂ ಜೊತೆಯಲ್ಲಿ ಕೂರಲಿ. ಊರಿನವರು ಬಂದು ನೋಡಲಿ, ಮಾತಾಡಲಿ, ಆಡಿ ಆಡಿ ಸುಸ್ತಾಗಲಿ. ವರ್ಷಕ್ಕೊಮ್ಮೆಯಲ್ಲ, ತಿಂಗಳಿಗೊಂದು ಶನಿವಾರ ಹೀಗೆ ಕೂತರೆ ನಾಲ್ಕನೆಯ ತಿಂಗಳು ಯಾರೂ ತಿರುಗಿ ನೋಡುವುದಿಲ್ಲ. ಜನರ ಕಣ್ಣಿಗೆ ರೂಢಿಯಾಗಬೇಕು, ಅಷ್ಟೇ.

ಗ್ಯಾಲರಿಗಳವರಿಗೂ ಒಂದು ಮಾತು. ರಾಷ್ಟ್ರೀಯ ಗ್ಯಾಲರಿಯಲ್ಲಿ ಅಮೃತಾಳ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಅವು ರಾಷ್ಟ್ರದ ಸೊತ್ತು, ಎಂದರೆ ಕೆ.ಆರ್. ಪೇಟೆಯ ಸೊತ್ತೂ ಹೌದು. ಮೂಲಚಿತ್ರಗಳನ್ನು ಲಾರಿಯಲ್ಲಿ ತನ್ನಿ ಎಂದು ನಾನು ಕೇಳುವುದಿಲ್ಲ. ಒಳ್ಳೆಯ ಅಚ್ಚಿನ ಪ್ರತಿಗಳನ್ನು ಅದೇ ಅಳತೆಯಲ್ಲಿ ಮಾಡಿಸಿ, ತಾಲ್ಲೂಕು ಕೇಂದ್ರದ ಶಾಲೆಯೊಂದರ ಹಾಲಿನಲ್ಲಿ ಹದಿನೈದು ದಿನ ತೂಗುಹಾಕಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಚ್ಚಿ. ಎದುರಿನ ಗೋಡೆಯನ್ನು ಖಾಲಿ ಬಿಡಿ. ಅದರಲ್ಲಿ ನಮ್ಮ ಹುಡುಗಿಯರು ಏರಿಯ ಮೇಲೆ ಕೂತು ಬರೆದದ್ದನ್ನು ನಾವು ಹಾಕುತ್ತೇವೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹೆಂಗಸರಿಗೆ ಹೇಳುತ್ತಲೇ ಬಂದಿದ್ದೇವೆ. ಕೈಗೆ ಕೆಲಸ ಕೊಟ್ಟಾಯಿತು, ಬಾಯಿಗೆ ಅಷ್ಟಿಷ್ಟು ಮೊಸರೂ ಸಿಕ್ಕಿತು. ಕಣ್ಣಿಗೇನು ಕೊಟ್ಟಿದ್ದೇವೆ ಎಂದು ಕೇಳುವ ಕಾಲ ಬಂದಿದೆ. ಉತ್ತರವನ್ನು ನಾಲ್ಕು ತಾಲ್ಲೂಕಿನ ಶಾಲೆಗಳು ಕೊಡಬೇಕು, ಊರಿನ ಹಿರಿಯರು ಕೊಡಬೇಕು, ಮೊದಲು ಹೆಣ್ಣುಮಕ್ಕಳ ತಂದೆಯರು ಕೊಡಬೇಕು.