ಹೂಳೆತ್ತುವ ಮೊದಲು ಮಣ್ಣು ತಡೆಯಿರಿ

ರಾಯಚೂರು ಜಿಲ್ಲಾಧಿಕಾರಿಗಳಿಗೆ,



ಮಸ್ಕಿಗೆ ಬರುವ ಅಧಿಕಾರಿಗಳು ಸಾಮಾನ್ಯವಾಗಿ ಅಶೋಕನ ಶಾಸನ ನೋಡಿ ಹೋಗುತ್ತಾರೆ. 1915ರಲ್ಲಿ ಪತ್ತೆಯಾದ ಆ ಬಂಡೆ ಎಲ್ಲಿಗೂ ಹೋಗುವುದಿಲ್ಲ. ತಾವು ಬಂದಾಗ ಮೊದಲು ಮಸ್ಕಿ ಹಳ್ಳದ ಕಡೆ ಬನ್ನಿ. ಅಲ್ಲಿ ವರ್ಷವರ್ಷವೂ ದಂಡೆ ಕರಗುತ್ತಿದೆ.

ನಮ್ಮದು ಎರೆ ನೆಲ. ಬೇಸಿಗೆಗೆ ಬಾಯಿ ಬಿಟ್ಟ ದಂಡೆ ಮೊದಲ ದೊಡ್ಡ ಮಳೆಗೇ ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ. ಮರಳು ತೆಗೆದಲ್ಲಿ ಹಳ್ಳದ ತಳ ಇಳಿಯುತ್ತದೆ, ತಳ ಇಳಿದಂತೆ ದಂಡೆಯ ಬುಡ ಸಡಿಲವಾಗುತ್ತದೆ. ಉಳಿದ ಜಾಗವನ್ನು ಬಳ್ಳಾರಿ ಜಾಲಿ ಆಕ್ರಮಿಸಿಕೊಂಡು ನೀರನ್ನು ಹೊಲದ ಕಡೆಗೆ ತಿರುಗಿಸುತ್ತದೆ.

ಈ ಪತ್ರವನ್ನು ಬೆಳೆ ನಷ್ಟದ ಅರ್ಜಿಗಳ ಜೊತೆ ಸೇರಿಸಬೇಡಿ. ಇದು ಕುಡಿಯುವ ನೀರಿನ ಕಡತ. ಸಿಂಧನೂರು, ಮಸ್ಕಿ ಪಟ್ಟಣಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಬೇಸಿಗೆ ಕಳೆಯುತ್ತವೆ. ಆದರೆ ಆ ನೀರನ್ನಷ್ಟೇ ನೆಚ್ಚುವಂತಿಲ್ಲ: 133 ಟಿಎಂಸಿ ಅಡಿಗೆಂದು ಕಟ್ಟಿದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಹಿಡಿಯುವುದು 105ರ ಆಸುಪಾಸು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಭತ್ತದ ಗದ್ದೆಯವರು ಮಾತ್ರವಲ್ಲ, ನಲ್ಲಿಯ ಮುಂದೆ ಕೊಡ ಇಡುವವರೂ ಹೆದರಿದ್ದರು. ಕಾಲುವೆಯಿಂದ ದೂರದ ಹಳ್ಳಿಗಳಿಗೆ ಕೊಳವೆಬಾವಿಯೇ ಗತಿ. ಲಿಂಗಸುಗೂರು, ಸಿಂಧನೂರು ಸೀಮೆಯಲ್ಲಿ ಆಳಕ್ಕೆ ಹೋದರೆ ಫ್ಲೋರೈಡ್‌ನ ಕಾಟ. ಹಳ್ಳದ ಮರಳಿನಲ್ಲಿ ನಿಂತು ಇಂಗುವ ಮಳೆನೀರು ಮೇಲಿನ ಪದರಕ್ಕೆ ಸೇರಿದರೆ ಅಷ್ಟು ಆಳಕ್ಕೆ ಇಳಿಯುವ ಪ್ರಮೇಯ ಕಡಿಮೆ.

ಪಕ್ಕದ ಕೊಪ್ಪಳದಲ್ಲಿ ಗವಿಮಠದ ಸ್ವಾಮೀಜಿ 2019ರಲ್ಲಿ ಜನರನ್ನು ಕೂಡಿಸಿ ಹಿರೇಹಳ್ಳ ಸ್ವಚ್ಛ ಮಾಡಿಸಿದರು. ಅದು ನಮಗೂ ಹುರುಪು ಕೊಟ್ಟ ಕೆಲಸ. ಆದರೆ ಇಲ್ಲಿ ಜೆಸಿಬಿ ಇಳಿಸಿ ಹಳ್ಳವನ್ನು ನೇರ ಚರಂಡಿಯಂತೆ ಕೊರೆದರೆ ನೀರಿನ ಓಟ ಇನ್ನೂ ಹೆಚ್ಚುತ್ತದೆ, ಕೆಳಗಿನ ಊರಿನ ದಂಡೆ ಇನ್ನೂ ಬೇಗ ಹೋಗುತ್ತದೆ. ಎತ್ತಿದ ಹೂಳನ್ನು ದಂಡೆಗೇ ಸುರಿದರಂತೂ ಮುಂದಿನ ಮಳೆಗೆ ಮತ್ತೆ ಅದೇ ಬಿಲ್ಲು.

ಕೆಲಸ ಮೇಲಿನಿಂದ ಶುರುವಾಗಲಿ. ಮಾರಲದಿನ್ನಿಯ ಮಸ್ಕಿ ಜಲಾಶಯಕ್ಕೂ ಮೇಲಿರುವ ಕೊರಕಲುಗಳಿಗೆ ಸಾಲಾಗಿ ಕಲ್ಲಿನ ತಡೆ, ಹೊಲಗಳಿಗೆ ಬದು. ಇದಕ್ಕೆ ಗುತ್ತಿಗೆದಾರ ಬೇಡ, ಕೂಲಿಕಾರರ ಕೈ ಸಾಕು. ಊರಿನ ಹತ್ತಿರ ದಂಡೆಯನ್ನು ಇಳಿಜಾರು ಮಾಡಿ ಲಾವಂಚ, ಹೊಂಗೆ ಹಚ್ಚಿ. ಕಾಂಕ್ರೀಟ್ ಗೋಡೆ ಸೇತುವೆಯ ಬುಡಕ್ಕಷ್ಟೇ ಇರಲಿ. ಕುಡಿಯುವ ನೀರಿನ ಬಾವಿಗಳ ಸುತ್ತ ಮರಳು ಮುಟ್ಟಬಾರದೆಂದು ಆದೇಶ ಹೊರಡಿಸಿ, ಮುರಿದವರ ಟ್ರ್ಯಾಕ್ಟರ್ ಹಿಡಿಯಿರಿ. ಯಾರ ಟ್ರ್ಯಾಕ್ಟರ್ ಎಂದು ಕೇಳಿ ಬಿಡುವ ಪದ್ಧತಿ ತಮಗೂ ಗೊತ್ತಿರಬಹುದು.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ತಾಲ್ಲೂಕಿನ ತಹಶೀಲ್ದಾರರನ್ನು, ಸಣ್ಣ ನೀರಾವರಿ ಮತ್ತು ಕೃಷಿ ಇಲಾಖೆಯವರನ್ನು ಒಂದೇ ದಿನ ಹಳ್ಳದಲ್ಲಿ ನಡೆಸಿ, ಒತ್ತುವರಿ ಅಳತೆ ಮಾಡಿಸಿ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗಿನಿಂದ ಮುಂಗಾರಿನವರೆಗೆ ಮಾತ್ರ ಈ ಕೆಲಸಕ್ಕೆ ಬಿಡುವು. ಮಂಜೂರಾತಿ ಜೂನ್‌ನಲ್ಲಿ ಬಂದರೆ ಒಂದು ವರ್ಷ ಹೋದಂತೆಯೇ.

ಇಂತಿ,
ಹಳ್ಳದ ದಂಡೆಯ ಒಬ್ಬ ರೈತ, ಮಸ್ಕಿ