ವಕಾಲತ್ತು ಯಾರದು, ವಾದ ಯಾರ ಪರ?



ಚುನಾವಣೆಯ ಫಲಿತಾಂಶವೇ ಪ್ರಜೆಗಳ ತೀರ್ಪೆಂದು ನಮ್ಮ ಉಪಾಧ್ಯಾಯರು ಮಕ್ಕಳಿಗೆ ಪಾಠ ಹೇಳುತ್ತಾರೆ. ಆ ತೀರ್ಪು ಕರ್ನಾಟಕದಲ್ಲಿ ಹದಿನಾಲ್ಕು ತಿಂಗಳೊಳಗಾಗಿ ತಲೆಕೆಳಗಾದ ಬಗೆಯನ್ನೂ ಹೇಳಿಕೊಡುವುದು ಅವಶ್ಯವಾಗಿದೆ.

2018ರ ಮೇ 12ರಂದು ವಿಧಾನಸಭೆಯ 222 ಸ್ಥಾನಗಳಿಗೆ ಮತದಾನವಾಯಿತು. ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸ್ಸಿಗೆ 78, ಜಾತ್ಯತೀತ ಜನತಾದಳಕ್ಕೆ 37 ಸ್ಥಾನಗಳು ಲಭಿಸಿದವು. ಬಹುಮತ ಯಾರಿಗೂ ಬರಲಿಲ್ಲ. ಮೇ 17ರಂದು ಅಧಿಕಾರ ವಹಿಸಿದ ಯಡಿಯೂರಪ್ಪನವರು 19ರಂದೇ ರಾಜೀನಾಮೆಯಿತ್ತರು. ಕಣದಲ್ಲಿ ಪರಸ್ಪರ ಹಳಿದಾಡಿದ್ದ ಕಾಂಗ್ರೆಸ್ಸು ಮತ್ತು ಜನತಾದಳಗಳು ಕೂಡಿ, 23ರಂದು ಕುಮಾರಸ್ವಾಮಿಯವರ ಸರಕಾರವನ್ನು ರಚಿಸಿದವು. ಈ ಕೂಟಕ್ಕೆ ಮತದಾರರ ಸಮ್ಮತಿಯನ್ನು ಮೊದಲೇ ಪಡೆದಿರಲಿಲ್ಲವೆಂಬ ಆಕ್ಷೇಪಣೆ ನಿಜವೇ. ಆದರೆ ಸಮ್ಮತಿಯಿಲ್ಲದ ಕೂಟಕ್ಕೆ ವಿಶ್ವಾಸಭಂಗವು ಮದ್ದಾಗಬಹುದೇ?

2019ರ ಜುಲೈ ತಿಂಗಳಲ್ಲಿ ಹದಿನೇಳು ಜನ ಸದಸ್ಯರು, ಕೆಲವರು ರಾಜೀನಾಮೆಯಿಂದ, ಕೆಲವರು ಗೈರುಹಾಜರಿಯಿಂದ, ಆ ಸರಕಾರದ ಕೈಬಿಟ್ಟರು. 23ರಂದು 99ಕ್ಕೆ 105 ಮತಗಳಿಂದ ಸರಕಾರವು ಉರುಳಿತು. ಸಭಾಧ್ಯಕ್ಷರಾದ ರಮೇಶಕುಮಾರರು ಹದಿನೇಳು ಜನರನ್ನೂ ಆ ಸಭೆಯ ಅವಧಿ ಮುಗಿಯುವವರೆಗೆ ಅನರ್ಹರನ್ನಾಗಿಸಿದರು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಅವಧಿಯ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು ಹದಿನೈದು ಸ್ಥಾನಗಳಿಗೆ ಉಪಚುನಾವಣೆ ನಡೆಯಿತು. ಅಥಣಿಯಿಂದ ಹುಣಸೂರಿನವರೆಗೆ ಅನರ್ಹರಲ್ಲಿ ಹದಿಮೂವರು ಭಾರತೀಯ ಜನತಾ ಪಕ್ಷದ ಉಮೇದುವಾರರಾಗಿ ನಿಂತರು; ಹನ್ನೊಂದು ಜನ ಗೆದ್ದರು. 2020ರ ಫೆಬ್ರವರಿ 6ರಂದು ಅವರಲ್ಲಿ ಹತ್ತು ಜನ ಮಂತ್ರಿಗಳಾದರು!

ಒಬ್ಬ ವಕೀಲನು ವಾದಿಯಿಂದ ವಕಾಲತ್ತು ಪಡೆದು, ನಡುವೆಯೇ ಅದನ್ನು ಹರಿದೊಗೆದು, ಅದೇ ದಾವೆಯಲ್ಲಿ ಪ್ರತಿವಾದಿಯ ಪರವಾಗಿ ನಿಂತರೆ ಯಾವ ನ್ಯಾಯಸ್ಥಾನವು ಸಹಿಸೀತು? ವಕೀಲನಿಗೆ ಸಲ್ಲದುದು ಶಾಸನ ಮಾಡುವವನಿಗೆ ಹೇಗೆ ಸಲ್ಲುವುದು?

“ಜನರೇ ಮರಳಿ ಆರಿಸಿದರಲ್ಲ, ದೋಷವು ತೊಳೆದುಹೋಯಿತು” ಎಂದು ಹೇಳುವವರುಂಟು. ಈ ವಾದವು ಪೊಳ್ಳು. ಸಾರ್ವತ್ರಿಕ ಚುನಾವಣೆಯಲ್ಲಿ ಮತದಾರನು, ರಾಜ್ಯವನ್ನು ಯಾರು ಆಳಬೇಕೆಂದು ನಿರ್ಣಯಿಸುತ್ತಾನೆ. ಉಪಚುನಾವಣೆಯ ಹೊತ್ತಿಗೆ ಹೊಸ ಸರಕಾರವು ಆಗಲೇ ಪೀಠವೇರಿರುತ್ತದೆ. ಆಗ ಅವನ ಮುಂದೆ ಉಳಿಯುವ ಪ್ರಶ್ನೆಯು, ತನ್ನ ಊರಿಗೆ ಮಂತ್ರಿ ಬೇಕೋ ಬೇಡವೋ ಎಂಬುದಷ್ಟೇ. ಆಸೆ ತೋರಿಸಿ ಪಡೆದ ಕ್ಷಮೆಯು ಕ್ಷಮೆಯಲ್ಲ.

ಈ ರೋಗವು ಒಂದೇ ಪಕ್ಷದ್ದಲ್ಲ. 1971ರಲ್ಲಿ ವೀರೇಂದ್ರ ಪಾಟೀಲರ ಸರಕಾರವೂ ಪಕ್ಷಾಂತರದಿಂದಲೇ ಬಿದ್ದಿತು; ಅಂದು ಲಾಭ ಪಡೆದ ಬಣವೇ ಬೇರೆ. 1985ರ 52ನೆಯ ತಿದ್ದುಪಡಿಯು ಪಕ್ಷಾಂತರಿಗೆ ಸದಸ್ಯತ್ವವನ್ನು ತಪ್ಪಿಸಿತು. 2003ರ 91ನೆಯ ತಿದ್ದುಪಡಿಯು, ಅವಧಿ ಮುಗಿಯುವವರೆಗೆ ಅಥವಾ ಮರಳಿ ಚುನಾಯಿತನಾಗುವವರೆಗೆ ಅವನು ಮಂತ್ರಿಯಾಗಕೂಡದೆಂದು ವಿಧಿಸಿತು. ಆ “ಅಥವಾ” ಎಂಬ ಒಂದು ಪದವೇ ಬೇಲಿಯ ಕಂಡಿ. ನ್ಯಾಯಾಲಯವು ಇದ್ದ ಕಾನೂನನ್ನು ಓದಿತು. ಕಂಡಿಯನ್ನು ಮುಚ್ಚಬೇಕಾದುದು ಸಂಸತ್ತಿನ ಹೊಣೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪಕ್ಷಾಂತರದಿಂದ ಅನರ್ಹನಾದವನು ಮುಂದಿನ ಸಾರ್ವತ್ರಿಕ ಚುನಾವಣೆಯವರೆಗೆ ಉಮೇದುವಾರನೂ ಆಗಕೂಡದು, ಮಂತ್ರಿಯೂ ಆಗಕೂಡದು. ಸಂಸತ್ತು ಇದನ್ನು ಸ್ಪಷ್ಟ ಶಬ್ದಗಳಲ್ಲಿ ಸಂವಿಧಾನಕ್ಕೆ ಸೇರಿಸಲಿ. ಅಲ್ಲಿಯವರೆಗೆ, ಮತ ಕೇಳಲು ಬಾಗಿಲಿಗೆ ಬಂದ ಪ್ರತಿಯೊಬ್ಬ ಉಮೇದುವಾರನನ್ನೂ ಇದೊಂದು ಪ್ರಶ್ನೆಯನ್ನು ಕೇಳಿರಿ: “ನಮ್ಮ ವಕಾಲತ್ತನ್ನು ಐದು ವರ್ಷ ಕಾಯುವಿರಾ?” ಉತ್ತರಕ್ಕೆ ತಡವರಿಸಿದವನಿಗೆ ಮತವಿಲ್ಲವೆಂದು ಊರೂರಿನಲ್ಲಿಯೂ ನಿಶ್ಚಯವಾಗಲಿ.